ಕಡ ತಂದ ಹುಡುಗರ ತಪಾಸಣೆ

ನನ್ನಂಥ ಜಾಣರು ಹುಟ್ಟಿದ ಕಡೆ ಇಂಥವು ಆಗುತ್ತಲೇ ಇರುತ್ತವೆ. ನಾನು ಹುಟ್ಟಿದ್ದು ಹೊನ್ನಾವರದ ಹೊಳೆದಂಡೆಯಲ್ಲಿ. ಊರಿನ ತಪ್ಪೇನೂ ಇಲ್ಲ.

೧

ಐವತ್ತೆಂಟೋ ಐವತ್ತೊಂಬತ್ತೋ ಇಸವಿ. ನಾನು ಮೂರನೇ ಇಯತ್ತೆ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ನಲವತ್ತು ಹೆಸರು, ನೆಲದ ಮೇಲೆ ಇಪ್ಪತ್ತಾರು ತಲೆ. ಉಳಿದವರು ಬಲೆ ಎಳೆಯಲು, ದನ ಕಾಯಲು ಹೋದವರು. ಒಬ್ಬನಂತೂ ಮುಂಬಯಿಯ ಖಾನಾವಳಿ ಸೇರಿ ಮೀಸೆ ಬಿಟ್ಟಿದ್ದ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆಂದು ಕಾಗದ ಬಂತು. ತಲೆ ಕಡಿಮೆ ಬಿದ್ದರೆ ಶಾಲೆ ಬಂದ್, ಮಾಸ್ತರರಿಗೆ ಘಟ್ಟದ ಮೇಲೆ ವರ್ಗ. ಅಲ್ಲಿ ಹಸಿಮೀನು ಸಿಗುವುದಿಲ್ಲವೆಂದು ಅವರ ಹೆಂಡತಿ ಆಗಲೇ ಅಳಲು ಶುರು ಮಾಡಿದ್ದರು.

ಹೊಳೆಯಾಚೆಯ ಮಾಸ್ತರರದ್ದೂ ಇದೇ ಗೋಳು. ಇಬ್ಬರೂ ಕರಾರು ಮಾಡಿಕೊಂಡರು: ಬೆಳಿಗ್ಗೆಯ ತಪಾಸಣೆಗೆ ಅವರ ಹದಿನಾಲ್ಕು ಹುಡುಗರು ಇತ್ತ, ಮಧ್ಯಾಹ್ನದ ತಪಾಸಣೆಗೆ ನಮ್ಮ ಹದಿನಾಲ್ಕು ಅತ್ತ.

“ನೀನೇ ಮುಂದಾಳು, ಆತಾ?” ಎಂದರು ನಮ್ಮ ಮಾಸ್ತರರು.

ಸರಕಾರಕ್ಕೆ ಟೋಪಿ ಹಾಕಲು ಸರಕಾರದ ನೌಕರರಿಂದಲೇ ನೇಮಕವಾದವನು ಇಡೀ ತಾಲೂಕಿನಲ್ಲಿ ನಾನೊಬ್ಬನೇ.

೨

ಕಡ ತಂದ ಹುಡುಗರಿಗೆ ಬಾರದವರ ಹೆಸರು ಹಂಚಿ ಬಾಯಿಪಾಠ ಮಾಡಿಸಿದ್ದಾಯಿತು. ಹಾಜರಿ ಸರಾಗವಾಗಿ ಮುಗಿಯಿತು. ಆಮೇಲೆ ಸಾಹೇಬರು ಮುಂದೆ ಕೂತವನನ್ನು ಸುಮ್ಮನೆ ಕೇಳಿದರು, “ನಿನ್ನ ಅಪ್ಪನ ಹೆಸರು ಎಂತಾ?”

ಅವನು ತಲೆ ಕೆರೆದು, “ಅದನ್ನ ಮಾಸ್ತರ್ರು ಹೇಳ್ಕೊಡ್ಲಿಲ್ಲ” ಎಂದ.

ಬೋರ್ಡಿಗೆ ಬರೆಯಲು ಮಾಸ್ತರರ ಕೈಯಲ್ಲಿದ್ದ ಖಡು ಮುರಿಯಿತು. ಸಾಹೇಬರು ಮಾತ್ರ ಗಂಭೀರವಾಗಿ ಶೆರಾ ಬರೆದರು: “ಗುರುಗಳು ಕಲಿಸದ್ದನ್ನು ಮಕ್ಕಳು ಹೇಳುವುದಿಲ್ಲ. ಶಿಸ್ತು ಉತ್ತಮ.”

೩

ಸಾಹೇಬರು ಉಂಡು ಮಲಗಿದಾಗ ನಾವೆಲ್ಲ ಹೊಳೆ ದಾಟಿಬಿಡಬೇಕೆಂದು ಠರಾವು. ಆದರೆ ಸಮುದ್ರದ ಇಳಿತಕ್ಕೆ ದೋಣಿ ಕೆಸರಲ್ಲಿ ಕೂತಿತ್ತು. ನೀರು ಏರಿ ದೋಣಿ ತೇಲುವ ಹೊತ್ತಿಗೆ ಸಾಹೇಬರೂ ಎದ್ದು ಬಂದರು. ಇದ್ದದ್ದು ಅದೊಂದೇ ದೋಣಿ. ಮರಳುವ ಹದಿನಾಲ್ಕು, ಹೋಗುವ ಹದಿನಾಲ್ಕು, ಒಟ್ಟು ಇಪ್ಪತ್ತೆಂಟು ಹುಡುಗರ ನಡುವೆ ಸಾಹೇಬರು, ತುದಿಯಲ್ಲಿ ನಮ್ಮ ಮಾಸ್ತರರು.

“ಹೊಳೆ ಬದಿಗೆ ಮುಖ ಮಾಡ್ರೋ” ಎಂದು ಮಾಸ್ತರರು ಪಿಸುಗುಟ್ಟಿದರು. ದೋಣಿಯಲ್ಲಿ ಎತ್ತ ತಿರುಗಿದರೂ ಹೊಳೆಯೇ!

“ಎಲ್ಲಿಗೆ ಹೊರಟ್ರಿ?” ಎಂದರು ಸಾಹೇಬರು.

ಮುಂದಾಳಾದ ನಾನು ಎದೆಯುಬ್ಬಿಸಿ, “ಶಾಲೆಗೆ” ಎಂದೆ.

“ಮತ್ತೆ ಬೆಳಿಗ್ಗೆ ಕೂತದ್ದು?”

“ಅದೂ ಶಾಲೆನೇ ಸಾಹೇಬರೆ.”

ಅಂಬಿಗ ಜಲ್ಲೆ ಊರುವುದನ್ನೇ ಮರೆತ. ಮಾಸ್ತರರ ಕಣ್ಣ ಮುಂದೆ ಘಟ್ಟ ಏರುವ ಬಸ್ಸೇ ಬಂದು ನಿಂತಿರಬೇಕು. ಸಾಹೇಬರು ನಮ್ಮ ತಲೆಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಮಾಸ್ತರರ ಪಕ್ಕಕ್ಕೆ ಸರಿದು ದನಿ ತಗ್ಗಿಸಿದರು:

“ಮಾಸ್ತರೆ, ನಾಳೆ ಕುಮಟೆ ಬದಿಗೆ ನನ್ನ ಭಾವನ ಶಾಲೆ ತಪಾಸಣೆ. ಅವನಿಗೆ ಹನ್ನೆರಡು ಕಡಿಮೆ ಬೀಳ್ತದೆ. ಇವರಲ್ಲಿ ಅಷ್ಟು ಮಂದೀನ ಬೆಳಗಿನ ಬಸ್ಸಿಗೆ ಹತ್ತಿಸ್ತೀರಾ? ಹೆದರಬೇಡಿ, ತಪಾಸಣೆಗೆ ಬರೋದು ನಾನೇ.”