ಗುಟುರಿಗೆ ಬ್ಲೂಬೆರಿ ಗಂಜಿ

"ಮೂವತ್ತೈದು ವರ್ಷ ಊರವರ ಗದ್ದಲ ನಾನು ಕೇಳಿದ್ದಾಯ್ತು. ಇನ್ಮೇಲೆ ನನ್ನ ಗದ್ದಲ ಊರು ಕೇಳಲಿ!"

ತಾಂಪೆರೆ ನಗರದ ತನ್ನ ಅಡುಗೆಮನೆಯಲ್ಲಿ, ಕಾಫಿ ಲೋಟವನ್ನು ಕತ್ತಿಯ ಹಾಗೆ ಎತ್ತಿ ಹಿಡಿದು, ಆಸ್ಕೊ ಕೆಟ್ಟುನೆನ್ ಹೀಗೆ ಘೋಷಿಸಿದ. ಹೆಸರಿನಲ್ಲೇ 'ಕೆಟ್ಟು' ಇದೆಯಲ್ಲ ಎಂದು ನಗಬೇಡಿ. ಫಿನ್‌ಲ್ಯಾಂಡಿನಲ್ಲಿ ಅದು ಮರ್ಯಾದಸ್ಥರ ಮನೆತನದ ಹೆಸರು. ವಯಸ್ಸು ಐವತ್ತೊಂದು, ಕಸುಬು ಸಿಟಿ ಬಸ್ಸು ಓಡಿಸುವುದು, ಧರ್ಮ ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತ. ಬೀರುವಿನಲ್ಲಿ ನಲವತ್ತು ಕರಿ ಅಂಗಿ, ಒಂದೇ ಒಂದು ಬಿಳಿ. ಆ ಬಿಳಿಯದು ಮದುವೆಯದು, ಈಗ ಅದಕ್ಕೆ ಗುಂಡಿ ಹಾಕಲು ಆಗುವುದಿಲ್ಲ.

"ನೀನು ಕಿವಿ ಕಣೋ, ಬಾಯಲ್ಲ," ಎಂದಳು ಹೆಂಡತಿ ರೈಲಿ, ರೊಟ್ಟಿಗೆ ಬೆಣ್ಣೆ ಸವರುತ್ತ. "ದೇವರು ಕೆಲವರಿಗೆ ಕೇಳೋ ಭಾಗ್ಯ ಕೊಟ್ಟಿರ್ತಾನೆ. ಸುಮ್ನೆ ಕೇಳ್ಕೊಂಡಿರು."

"ಲೈಬ್ರರಿಯವರ ಸಂಗೀತ ಸಂಜೆಗೆ ಹೆಸರು ಕೊಟ್ಟು ಬಂದಾಯ್ತು."

"ಯಾರ ಹೆಸರು?"

"ನಂದೇ. ಮುಂದಿನ ತಿಂಗಳು ಹದಿನೈದಕ್ಕೆ. ಮನೇಲೇ ರೆಕಾರ್ಡ್ ಮಾಡಿದ ಒಂದು ಹಾಡು ಒಯ್ದು ಕೇಳಿಸ್ಬೇಕು. ಡಿಪೋದಲ್ಲಿ ಎಲ್ಲರಿಗೂ ಹೇಳ್ಬಿಟ್ಟಿದೀನಿ."

ರೈಲಿ ಚಾಕು ಕೆಳಗಿಟ್ಟಳು. ಡಿಪೋದಲ್ಲಿ ಹೇಳಿದ ಮೇಲೆ ಹಿಂದೆ ಸರಿಯುವ ಹಾಗಿಲ್ಲ ಎಂಬುದು ಅವಳಿಗೂ ಗೊತ್ತು. ಹಿಂದೆ ಸರಿದರೆ ನಿವೃತ್ತಿಯಾಗುವ ತನಕ ಆಡಿಕೊಂಡು ನಗುತ್ತಾರೆ.

"ಗಲಾಟೆ ಆದ್ರೆ ನನ್ನ ಕುತ್ತಿಗೆಗೆ ಬರುತ್ತೆ. ನಾನು ಈ ಕಟ್ಟಡದ ಸಂಘದ ಅಧ್ಯಕ್ಷೆ, ಮರೀಬೇಡ."

"ಹೆಡ್‌ಫೋನ್ ಹಾಕ್ಕೊಂಡೇ ಮಾಡ್ತೀನಿ ಮಾರಾಯ್ತಿ. ಇರುವೆಗೂ ಕೇಳ್ಸಲ್ಲ."

ಗಿಟಾರಿನ ಮಟ್ಟಿಗೆ ಆಸ್ಕೊ ಕೊಟ್ಟ ಮಾತಿಗೆ ತಪ್ಪಲಿಲ್ಲ. ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದ, ಡೋಲನ್ನು ಕಂಪ್ಯೂಟರೇ ಬಾರಿಸಿತು. ಆದರೆ ಗಂಟಲನ್ನು ಎಲ್ಲಿಗೆ ಸಿಕ್ಕಿಸುವುದು? ಅವನು ಹಾಡಬೇಕಾಗಿದ್ದದ್ದು ಕರುಳಿನ ಬುಡದಿಂದ ಗೂಳಿಯ ಗುಟುರು ಹೊರಡಿಸುವ ಪಂಥದ ಹಾಡು. ಅದಕ್ಕೊಂದು ಭದ್ರವಾದ ಕೋಣೆ ಬೇಕಿತ್ತು.

ಭದ್ರವಾದ ಕೋಣೆ ಬಚ್ಚಲ ಪಕ್ಕದಲ್ಲೇ ಇತ್ತು! ಸೌನಾ. ಶನಿವಾರ ಒಂದು ದಿನ ಒಲೆ ಕಾಯಿಸಿ ಗಂಡ ಹೆಂಡತಿ ಕೂತು ಬೆವರುವ ಕೋಣೆ, ಮಿಕ್ಕ ಆರು ದಿನ ಖಾಲಿ. ಮರದ ಹಲಗೆಯ ಗೋಡೆ, ದಪ್ಪ ಬಾಗಿಲು, ಕಿಟಕಿಯೇ ಇಲ್ಲ. ಆಸ್ಕೊ ಬಾಗಿಲಿಗೆ ಹಾಸಿಗೆ ಒತ್ತಿ ನಿಲ್ಲಿಸಿದ, ಒಲೆಗೆ ನೀರು ಚೆಲ್ಲುವ ಸೌಟಿನ ಮೊಳೆಗೆ ಮೈಕು ತೂಗುಹಾಕಿದ, ಮೇಲಿನ ಹಲಗೆಯ ಮೇಲೆ ಸಿಂಹಾಸನಾರೂಢನಾದ. ಚಾವಣಿಯಲ್ಲಿ ಅಂಗೈಯಗಲದ ಗಾಳಿಕಿಂಡಿ ಇತ್ತು. ಅದರ ಕೊಳವೆ ಕಟ್ಟಡದ ಹದಿನಾರು ಬಚ್ಚಲುಗಳಿಗೂ ಒಂದೇ ಎಂಬುದು ಮಹಾರಾಜರ ಗಮನಕ್ಕೆ ಬರಲಿಲ್ಲ.

ಹಾಡೂ ಅವನದೇ. ಯಾವ ನಿಲ್ದಾಣದಲ್ಲೂ ನಿಲ್ಲದೆ ನೇರ ನರಕಕ್ಕೆ ಹೋಗುವ ಒಂದು ಸಿಟಿ ಬಸ್ಸಿನ ಕಥೆ. 'ಹತ್ತಿದಿರೋ, ಇಳಿಯೋ ಹಾಗಿಲ್ಲ' ಎಂಬುದು ಪಲ್ಲವಿ. ಗುಟುರಿನಲ್ಲಿ ಅದು 'ಹ್ವಾಆಆಕ್, ಊಆಆಕ್' ಎಂದು ಹೊರಡುತ್ತಿತ್ತು. ಬೆಳಗಿನ ಪಾಳಿ ಮುಗಿಸಿ ಬಂದು, ರೈಲಿ ಬೇಕರಿಯಿಂದ ಆರಕ್ಕೆ ಮರಳುವ ಮುಂಚೆ, ದಿನಾ ನಾಲ್ಕರಿಂದ ಐದು ಅವನ ಸಾಧನೆ ನಡೆಯಿತು.

ಐದನೇ ದಿನ ಮೆಟ್ಟಿಲ ಬಳಿ ಒಂದು ಚೀಟಿ ಅಂಟಿತ್ತು. ಆ ಊರಲ್ಲಿ ಪಕ್ಕದ ಮನೆಯ ಬಾಗಿಲು ತಟ್ಟಿ ಮಾತಾಡುವುದೆಂದರೆ ಜಗಳಕ್ಕೆ ಹೋದಂತೆ. ಹೇಳುವುದಿದ್ದರೆ ಹೆಸರು ಹಾಕದೆ ಚೀಟಿ ಅಂಟಿಸುತ್ತಾರೆ.

'ಗೌರವಾನ್ವಿತ ನೆರೆಹೊರೆಯವರೇ, ನಮ್ಮ ಕಟ್ಟಡದಲ್ಲಿ ಯಾರಿಗೋ ದಿನಾ ನಾಲ್ಕು ಗಂಟೆಗೆ ವಿಪರೀತ ವಾಂತಿ. ದಯವಿಟ್ಟು ಡಾಕ್ಟರಿಗೆ ತೋರಿಸಿ.'

ಅದರ ಕೆಳಗೆ ಬೇರೆ ಕೈಬರಹ, ಓರೆ ಅಕ್ಷರ: 'ವಾಂತಿ ಅಲ್ಲ, ಮಲಬದ್ಧತೆ. ಅನುಭವದಿಂದ ಹೇಳುತ್ತಿದ್ದೇನೆ. ಒಣ ಪ್ಲಮ್ ತಿನ್ನಿ.'

ಅದರ ಕೆಳಗೆ ಮೂರನೆಯವರು: 'ಎರಡೂ ಅಲ್ಲ. ಕೊಳಚೆ ಪೈಪು ಕಟ್ಟಿಕೊಂಡಿದೆ. ಒಡೆಸಿ ನೋಡಬೇಕು.'

ಆಸ್ಕೊ ಮೂರು ಸಲ ಓದಿದ. ಕಿವಿ ಕೆಂಪಗಾದವು. ವಾಂತಿಯಂತೆ, ಮಲಬದ್ಧತೆಯಂತೆ! ಬೇರೆ ಯಾವುದನ್ನಾದರೂ ಸಹಿಸಬಹುದಿತ್ತು, 'ಅನುಭವದಿಂದ' ಎಂಬ ಮಾತು ಎದೆಗೆ ನಾಟಿತು. 'ಅದು ನಾನು' ಎಂದು ಬರೆಯಲು ಪೆನ್ನು ತೆಗೆದ. ಬರೆದರೆ ವಾಂತಿಯನ್ನೂ ಒಪ್ಪಿಕೊಂಡ ಹಾಗೆ ಎಂದು ಹೊಳೆದು ಪೆನ್ನು ಜೇಬಿಗೆ ಸೇರಿತು. ಮೇಲೆ ಹೋಗಿ ಸೇಡಿಗೆ ಎರಡು ಪಟ್ಟು ಜೋರಾಗಿ ಹಾಡಿದ.

"ಪಾಪ, ಯಾರಿರಬಹುದು?" ಎಂದಳು ರೈಲಿ ಊಟದ ಹೊತ್ತಿಗೆ. "ನೀನು ಮನೇಲೇ ಇರ್ತೀಯಲ್ಲ, ಏನಾದ್ರೂ ಕೇಳ್ಸುತ್ತಾ?"

"ಹೆಡ್‌ಫೋನ್ ಹಾಕ್ಕೊಂಡಿರ್ತೀನಲ್ಲ," ಎಂದ ಆಸ್ಕೊ. ಅದು ನಿಜವೂ ಆಗಿತ್ತು.

ಸೋಮವಾರ ಚೀಟಿಯ ಕೆಳಗೆ ಒಂದು ಸ್ಟೂಲು ಬಂತು. ಸ್ಟೂಲಿನ ಮೇಲೆ ಬಾಟಲಿ ತುಂಬ ಬ್ಲೂಬೆರಿ ಗಂಜಿ. ಅಲ್ಲಿ ಹೊಟ್ಟೆ ಕೆಟ್ಟರೆ ಹಸುಗೂಸಿನಿಂದ ಹಣ್ಣು ಮುದುಕರವರೆಗೆ ಎಲ್ಲರಿಗೂ ಅದೇ ಮದ್ದು. 'ಕಾಯಿಲೆಯವರಿಗೆ. ಸಂಕೋಚ ಬೇಡ' ಎಂದು ಬರೆದಿತ್ತು. ಆಸ್ಕೊ ಮೂಗು ಮುರಿದು ಮುಂದೆ ಹೋದ. ಬುಧವಾರದ ಹೊತ್ತಿಗೆ ಹತ್ತು ದಿನ ಗುಟುರು ಹಾಕಿದ ಗಂಟಲು ಉಪ್ಪುಕಾಗದ ಹಾಕಿ ಉಜ್ಜಿದಂತಾಗಿತ್ತು. ಗಂಜಿಯೋ ತಣ್ಣಗೆ, ಸಿಹಿಯಾಗಿ, ಅಲ್ಲೇ ಕೂತಿತ್ತು. ಅಭಿಮಾನಿಗಳ ಕಾಣಿಕೆ ಎಂದುಕೊಂಡರಾಯಿತು ಎಂದು ನಿಂತಲ್ಲೇ ಗಟಗಟ ಕುಡಿದ.

ಅದೇ ಸಂಜೆ ಆರೂವರೆಗೆ ನೆಲಮಾಳಿಗೆಯಲ್ಲಿ ಸಂಘದ ತುರ್ತು ಸಭೆ ಕೂಡಿತು. ಕಾಫಿ, ಏಲಕ್ಕಿ ಬನ್ನು, ಮುಂದೆ ಅಧ್ಯಕ್ಷೆ ರೈಲಿ. ಆಸ್ಕೊ ಕಡೇ ಸಾಲಿನಲ್ಲಿ ತುಟಿ ಬಿಗಿದು ಕೂತ.

"ಕಾಯಿಲೆಯವರು ಯಾರೂ ಮುಂದೆ ಬಂದಿಲ್ಲ," ಎಂದಳು ರೈಲಿ. "ಅಂದ್ರೆ ಪೈಪೇ ಇರ್ಬೇಕು. ಒಡೆಸೋದಾದ್ರೆ ಎಲ್ಲರ ಬಚ್ಚಲು, ಸೌನಾ ಮೂರು ತಿಂಗಳು ಬಂದ್. ಒಪ್ಪಿಗೆ ಇರೋರು ಕೈ ಎತ್ತಿ."

ಒಂದೊಂದಾಗಿ ಹದಿನೈದು ಮನೆಯ ಕೈಗಳೂ ಮೇಲೆದ್ದವು. ಆಸ್ಕೊ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸೌನಾ ಮುಚ್ಚಿದರೆ ಹಾಡು ಸತ್ತಿತು, ಲೈಬ್ರರಿ ಹೋಯಿತು, ಡಿಪೋದವರು ಬದುಕಲು ಬಿಡುವುದಿಲ್ಲ. ಬಾಯಿ ಬಿಟ್ಟರೆ ಇಡೀ ಕಟ್ಟಡಕ್ಕೆ ಅವನು ಮಲಬದ್ಧತೆಯ ಆಸ್ಕೊ.

"ವಿರೋಧ ಯಾರಾದ್ರೂ?"

ಆಸ್ಕೊ ಎದ್ದು ನಿಂತ. "ನಂದು ವಿರೋಧ. ಪೈಪ್ ಚೆನ್ನಾಗಿದೆ. ಅದು ನಾನು."

ಎಲ್ಲರೂ ನೆಲ ನೋಡಿದರು. ಯಾರೋ ಮೆಲ್ಲಗೆ, "ಡಾಕ್ಟರ್ ಏನಂದ್ರು?" ಎಂದರು.

"ಕಾಯಿಲೆ ಅಲ್ಲಾರೀ, ಹಾಡು!"

ರೈಲಿ ಕಣ್ಣು ಕಿರಿದು ಮಾಡಿ ಗಂಡನ ಬಾಯಿ ನೋಡಿದಳು. ತುಟಿ, ಹಲ್ಲು, ನಾಲಿಗೆ ಎಲ್ಲ ಕಡುನೀಲಿ.

"ಆಸ್ಕೊ, ರೋಗಿಗೆ ಅಂತ ಇಟ್ಟ ಗಂಜಿ ನೀನು ಕುಡಿದ್ಯಾ?"

"ಗಂಟಲು ಕೆರೀತಿತ್ತು," ಎಂದ ಆಸ್ಕೊ. ಆಮೇಲೆ ಇನ್ನು ಮುಚ್ಚಿಡಲು ಏನೂ ಉಳಿದಿಲ್ಲವೆಂದು ತಿಳಿದು ಅವನಿಗೆ ಎಲ್ಲಿಲ್ಲದ ಧೈರ್ಯ ಬಂತು. "ನನಗೇನೂ ನಾಚಿಕೆ ಇಲ್ಲ. ಹದಿನಾರನೇ ವಯಸ್ಸಿಂದ ಬೇರೆಯವರ ಹಾಡು ಕೇಳಿದೀನಿ. ಇದು ನಂದು. ನಾನೇ ಬರೆದಿದ್ದು. ವಾಂತಿನೋ ಹಾಡೋ ನೀವೇ ಹೇಳಿ."

ಕಾಲು ಅಗಲಿಸಿ ನಿಂತು, ನೀಲಿ ಬಾಯಿ ತೆರೆದು, ನರಕದ ಬಸ್ಸನ್ನು ಮೊದಲಿಂದ ಕೊನೆಯವರೆಗೆ ಓಡಿಸಿದ. ಮುಗಿದಾಗ ಮೇಲಿನ ಮನೆಯ ಹಿಲ್ಯಾ ಮಾತ್ರ ಎದ್ದರು. ಎಪ್ಪತ್ತೆಂಟು ವರ್ಷ, ಹೆಸರಿನ ಅರ್ಥವೇ 'ಸದ್ದಿಲ್ಲದವಳು'.

"ಬೇಜಾರು ಮಾಡ್ಕೋಬೇಡಪ್ಪ. ಗಂಜಿ ಇಟ್ಟೋಳು ನಾನೇ."

"ಪರವಾಗಿಲ್ಲ ಬಿಡಿ," ಎಂದ ಆಸ್ಕೊ, ದೊಡ್ಡ ಮನಸ್ಸು ಮಾಡಿ. "ವಯಸ್ಸಾದೋರು. ಗುಟುರಿನ ಹಾಡು ನಿಮಗೆ ಹೇಗೆ ಗೊತ್ತಾಗ್ಬೇಕು."

"ಅಯ್ಯೋ, ಗೊತ್ತಿಲ್ದೆ ಏನು? ನನ್ನ ಮೊಮ್ಮಗಳು ಹನ್ನೆರಡು ವರ್ಷದಿಂದ ಬ್ಯಾಂಡಲ್ಲಿ ಗುಟುರು ಹಾಕ್ತಾಳೆ. ಪ್ರತಿ ಬೇಸಿಗೆ ಮೊದಲನೇ ಸಾಲಲ್ಲಿ ನಿಂತು ಕೇಳ್ತೀನಿ. ಗುಟುರು ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತಿದ್ದಿದ್ರಿಂದ್ಲೇ, ಇದು ವಾಂತಿ ಅಂತ ಖಾತ್ರಿ ಮಾಡ್ಕೊಂಡಿದ್ದು."

ಆಸ್ಕೊ ಕುರ್ಚಿಯಲ್ಲಿ ಕುಸಿದ. ಆದರೂ ಬಾಯಿ ಸೋಲಲಿಲ್ಲ. "ನಾನಂತೂ ಬಿಡಲ್ಲ," ಎಂದ.

"ಬಿಡು ಅಂದೋರು ಯಾರು? ಗಂಟಲಿಂದ ಕಿತ್ಕೊಂಡು ಬರ್ತಿದೆ, ಹೊಟ್ಟೆಯಿಂದ ಬರಬೇಕು. ಅಷ್ಟೇ," ಎಂದು ಹಿಲ್ಯಾ ಇನ್ನೊಂದು ಬನ್ನು ತೆಗೆದುಕೊಂಡರು.

ಪೈಪು ಉಳಿಯಿತು. ಯುದ್ಧಕಾಲಕ್ಕೆಂದು ನೆಲಮಾಳಿಗೆಯಲ್ಲಿ ಕಟ್ಟಿದ್ದ ಬಾಂಬ್ ಆಶ್ರಯದ ಕೋಣೆಯನ್ನು ಸಂಘ ಒಮ್ಮತದಿಂದ ಆಸ್ಕೊಗೆ ಬಿಟ್ಟುಕೊಟ್ಟಿತು. ಮೊಳ ದಪ್ಪದ ಕಾಂಕ್ರೀಟು ಗೋಡೆ, ಗಾಳಿ ಕೊಳವೆಯೂ ಪ್ರತ್ಯೇಕ. ಮರುದಿನ ಗಿಟಾರು ಹೆಗಲಿಗೇರಿಸಿ ಹೋದಾಗ ಅದರ ಕಬ್ಬಿಣದ ಬಾಗಿಲ ಮೇಲೆ ರೈಲಿಯ ದುಂಡಗಿನ ಅಕ್ಷರದ ಪಟ್ಟಿ ಅಂಟಿತ್ತು: 'ದಿನಾ ನಾಲ್ಕರಿಂದ ಐದು: ಕೆಟ್ಟುನೆನ್. ಹಾಡು.'

ಕೊನೆಯ ಪದ ಓದಿ ಆಸ್ಕೊನ ಎದೆ ಉಬ್ಬಿತು. ಆಗ ಅದರ ಕೆಳಗೆ ಗುರುತಿನ ಓರೆ ಅಕ್ಷರ ಕಂಡಿತು:

'ನಾನು ಈಗಲೂ ಮಲಬದ್ಧತೆ ಎಂದೇ ಹೇಳುತ್ತೇನೆ. ಒಣ ಪ್ಲಮ್ ಬಾಗಿಲ ಬಳಿ ಇಟ್ಟಿದೆ.'

ಆಸ್ಕೊ ಆ ಕಡೆ ಈ ಕಡೆ ನೋಡಿ, ಎರಡನ್ನು ಬಾಯಿಗೆ ಹಾಕಿಕೊಂಡು ಒಳಗೆ ಹೋದ.