ಕಾಫಿ ವರ್ಕ್ಸಿನ ಬೆಂಕಿ ಪ್ಲಾನು

ಒಂಟಿಯಾಗಿರುವ ಗಂಡಸಿಗೆ ಕೆಲಸದ ಜಾಗದಲ್ಲಿ ಒಂದು ವಿಶೇಷ ಮರ್ಯಾದೆಯಿರುತ್ತದೆ. ಯಾರಿಗೂ ಬೇಡದ ಕೆಲಸವನ್ನೆಲ್ಲ ಅವನ ಮುಂದೆ ತಂದಿಟ್ಟು, 'ನಿಮಗೇನು, ಮನೆಯಲ್ಲಿ ಕಾಯುವವರು ಯಾರಿದ್ದಾರೆ' ಎನ್ನುತ್ತಾರೆ. ಹೇಳುವವರು ಅದನ್ನು ಹೊಗಳಿಕೆ ಎಂದೇ ತಿಳಿದು ಹೇಳುತ್ತಾರೆ, ಕೇಳಿಸಿಕೊಂಡವನು ಹಲ್ಲು ಕಿರಿದು ಒಪ್ಪಿಕೊಳ್ಳುತ್ತಾನೆ. ನಾನು ಹಾಗೆ ಒಪ್ಪಿಕೊಂಡ ಕೆಲಸಗಳಲ್ಲಿ ಆಫೀಸಿನ ಗಡಿಯಾರಕ್ಕೆ ಕೀಲಿ ಕೊಡುವುದು, ಹಬ್ಬದ ದಿನ ಗೋಡೌನು ಕಾಯುವುದು, ಮ್ಯಾನೇಜರ ನಾಯಿಯನ್ನು ದನದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಎಲ್ಲವೂ ಇವೆ. ಆ ನಾಯಿ ನನ್ನನ್ನು ಕಚ್ಚಿತು. ಇಂಜೆಕ್ಷನ್ ಅದಕ್ಕೊಂದು, ನನಗೆ ಹಲವಾರು. ಇಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ ಎನ್ನುವುದಕ್ಕೆ ಬೆಂಕಿಯ ಕೆಲಸ ಒಪ್ಪಿಕೊಂಡದ್ದೇ ಸಾಕ್ಷಿ.

ಕೊಡಗು ಆಗಿನ್ನೂ ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ನಾನು ಮೈಸೂರು ರಾಜ್ಯದ ಅರಕಲಗೂಡಿನಿಂದ ಗಡಿ ದಾಟಿ ಬಂದು, ಮಡಿಕೇರಿಯಿಂದ ಕೆಳಗಿಳಿಯುವ ರಸ್ತೆಯ ಪಕ್ಕದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ರೈಟರ್ ಆಗಿ ಸೇರಿದ್ದೆ. ಹಾಜರಿ ಬರೆಯುವುದು, ಚೀಲ ಎಣಿಸುವುದು ನನ್ನ ಕೆಲಸ. ಚೆಟ್ಟಳ್ಳಿ ಕಡೆಯ ತೋಟಗಳಿಂದ ಬಂದ ಕಾಫಿಯನ್ನು ಅಲ್ಲಿ ಕಣದಲ್ಲಿ ಒಣಗಿಸಿ, ಮಿಷನ್ನಿನಲ್ಲಿ ಸಿಪ್ಪೆ ಬಿಡಿಸಿ, ಹೆಂಗಸರ ಕೈಯಲ್ಲಿ ಬೀಜ ಆರಿಸಿ, ಗೋಣಿಗೆ ತುಂಬಿ ಕಳಿಸುತ್ತಿದ್ದರು. ಒಂದೇ ಅಂಗಳದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ತುಳು ಎಲ್ಲವೂ ಕೇಳಿಸುತ್ತಿದ್ದವು. ಎಲ್ಲರೂ ನನ್ನೊಡನೆ ಮಾತ್ರ ಕನ್ನಡದಲ್ಲಿ ಮಾತಾಡಿ, ಮಾತು ಮುಗಿದ ಕೂಡಲೇ ತಮ್ಮ ತಮ್ಮ ಭಾಷೆಗೆ ಹಿಂದಿರುಗುತ್ತಿದ್ದರು. ಹೊಸಬನನ್ನು ಕಂಡರೆ ಆ ಊರಿನವರು ಮೊದಲು ಕೇಳುವುದು 'ಯಾವ ಮನೆಯವರು' ಎಂದು. ಮನೆಯ ಹೆಸರು ಹೇಳಿದರೆ ಸಾಕು, ಯಾರ ಅಳಿಯ, ಯಾರ ಸೋದರಮಾವ ಎಂದು ಮಾತು ಗಂಟೆಗಟ್ಟಲೆ ನಡೆಯುತ್ತದೆ. ನಾನು 'ಅರಕಲಗೂಡು' ಎನ್ನುತ್ತಿದ್ದೆ. ಅವರು 'ಓ' ಎಂದು ಸುಮ್ಮನಾಗುತ್ತಿದ್ದರು. ಎರಡು ವರ್ಷದಲ್ಲಿ ನಾನು ಅಲ್ಲಿ ಗಳಿಸಿದ ಸ್ನೇಹವೆಲ್ಲ ಆ 'ಓ'ಕಾರದಲ್ಲೇ ಮುಗಿದಿತ್ತು.

ಅಂಥ ದಿನಗಳಲ್ಲಿ ವಿಮಾ ಕಂಪನಿಯಿಂದ ಒಂದು ಕಾಗದ ಬಂತು. ಬೆಂಕಿ ಬಿದ್ದರೆ ಆರಿಸುವುದಕ್ಕೆ, ಜನರನ್ನು ಹೊರಗೆ ತರುವುದಕ್ಕೆ ಸರಿಯಾದ ಏರ್ಪಾಡು ಇಲ್ಲದಿದ್ದರೆ ಮುಂದಿನ ಸೀಸನ್ನಿಗೆ ವಿಮೆ ಇಲ್ಲ, ಅವರ ಇನ್ಸ್‌ಪೆಕ್ಟರೇ ಬಂದು ನೋಡುತ್ತಾರೆ ಎಂದು ಅದರಲ್ಲಿತ್ತು. ನಮ್ಮ ಮ್ಯಾನೇಜರ್ ಪೊನ್ನಪ್ಪನವರು ಪಟ್ಟಾಳದಲ್ಲಿ ಸಿಪಾಯಿಯಾಗಿದ್ದು ಬಂದವರು, ಸುತ್ತು ಬಳಸು ಮಾತಿಲ್ಲ. "ರೈಟರೇ, ಇದನ್ನು ನೀವೇ ನೋಡಿಕೊಳ್ಳಿ. ನಿಮಗೇನು, ಮನೆಯಲ್ಲಿ ಯಾರಿದ್ದಾರೆ," ಎಂದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಇದು ಪಾಸಾದರೆ ನಿಮ್ಮ ಕೆಲಸ ಖಾಯಂ. ಆಗದಿದ್ದರೆ ಬೇರೆಯವರನ್ನು ನೋಡಿ ಅಂತ ಮೇಲಿನವರು ಹೇಳುತ್ತಾ ಇದ್ದಾರೆ," ಎಂದರು. ಬೇರೆಯವರನ್ನು ನೋಡಿದರೆ ನಾನು ಅರಕಲಗೂಡಿಗೆ, ಅಣ್ಣನ ಮನೆಗೆ, ಅತ್ತಿಗೆಯ ಮುಖದ ಎದುರಿಗೆ ವಾಪಸ್ಸು ಹೋಗಬೇಕು. ಆ ಮುಖಕ್ಕಿಂತ ಬೆಂಕಿಯೇ ವಾಸಿ ಎಂದು ನಾನು ಕೆಲಸಕ್ಕೆ ಇಳಿದೆ.

ನಿಜ ಹೇಳುತ್ತೇನೆ, ಆ ಒಂದು ತಿಂಗಳು ನಾನು ಸುಖವಾಗಿದ್ದೆ. ಸಂಜೆ ಕೋಣೆಗೆ ಬಂದು, ಅನ್ನಕ್ಕೆ ಇಟ್ಟು, ಗೋಡೆ ನೋಡುತ್ತಾ ಕೂರುವ ಬದಲು ದೊಡ್ಡ ಹಾಳೆ ಹರಡಿಕೊಂಡು ವರ್ಕ್ಸಿನ ನಕ್ಷೆ ಬರೆದೆ. ನೀರಿನ ತೊಟ್ಟಿ ನೀಲಿ ಶಾಯಿಯಲ್ಲಿ, ಮರಳಿನ ಬಕೆಟ್ಟು ಕೆಂಪು ಶಾಯಿಯಲ್ಲಿ, ಜನ ಓಡುವ ದಾರಿಗೆ ಬಾಣದ ಗುರುತು. ಹೊಟ್ಟಿನ ಕೋಣೆ, ಗೋಣಿ ಕೋಣೆ, ಮಿಷನ್ ಮನೆ ಎಲ್ಲವನ್ನೂ ಹೆಜ್ಜೆ ಹಾಕಿ ಅಳೆದೆ. ಅನ್ನ ಎರಡು ಸಲ ಸೀದುಹೋಯಿತು. ಬೆಂಕಿ ಆರಿಸುವ ಏರ್ಪಾಡಿನಲ್ಲಿ ತೊಡಗಿದ ಮನುಷ್ಯನ ಒಲೆಯನ್ನು ನೋಡಿಕೊಳ್ಳುವವರು ಬೇಡವೇ?

ಬಕೆಟ್ಟುಗಳು ಬಂದ ದಿನ ದೊಡ್ಡ ತಮಾಷೆಯಾಯಿತು. ಬೆಂಕಿ ಬಕೆಟ್ಟಿನ ಬುಡ ಉರುಟಾಗಿರುತ್ತದೆ, ನೆಲದ ಮೇಲೆ ನಿಲ್ಲುವುದಿಲ್ಲ. ಯಾರೂ ಮನೆಗೆ ಒಯ್ದು ಸ್ನಾನಕ್ಕೆ ಇಟ್ಟುಕೊಳ್ಳಬಾರದೆಂದು ಹಾಗೆ ಮಾಡುತ್ತಾರಂತೆ. ಚೀಲ ಹೊರುವ ಗ್ಯಾಂಗಿನ ಮೊಯ್ದು ಮೇಸ್ತ್ರಿ ಒಂದನ್ನು ನೆಲಕ್ಕಿಟ್ಟು, ಅದು ಉರುಳಿದ್ದು ನೋಡಿ, ನನ್ನನ್ನು ಕನಿಕರದಿಂದ ನೋಡಿದ. "ಅಲ್ಲ ರೈಟರೆ, ಇದರ ಬುಡ ಎಂತಕ್ಕೆ ಹೀಗೆ? ನಿಮಗೆ ಯಾರೋ ಚೆಂದ ಮೋಸ ಮಾಡಿದ್ದಾರೆ." ನಾನು ಕಾರಣ ವಿವರಿಸಿದೆ. ಅವನು ಪೂರ್ತಿ ಕೇಳಿ, "ಹಾಗಾದರೆ ಕಳ್ಳರು ಅಂತ ಲೆಕ್ಕ ನಾವು," ಎಂದು ಹೊರಟುಹೋದ. ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಬೀಜ ಆರಿಸುವ ಹೆಂಗಸರಿಗೆ ಹಿರಿಯರಾಗಿದ್ದ ದೇವೀರಮ್ಮ ಕೊಡ್ಲಿಪೇಟೆ ಕಡೆಯವರು, ಅವರ ಮಾತು ನಮ್ಮೂರಿನ ಮಾತಿನ ಹಾಗೇ ಇತ್ತು. ಅವರು ನನ್ನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, "ಬೆಂಕಿ ಬಿದ್ರೆ ಓಡಾಕೆ ಪ್ಲಾನ್ ಬೇಕಾ ರೈಟ್ರೆ? ಕಾಲಿದ್ರೆ ಸಾಕಲ್ವಾ," ಎಂದರು. ನಾನು ನಕ್ಕೆ, ಅವರು ನಗಲಿಲ್ಲ.

ಪ್ಲಾನಿನಲ್ಲಿ ಎರಡು ಅಂಶಗಳು ಮುಖ್ಯವಾಗಿದ್ದವು. ಗೋಣಿ ಕೋಣೆಯಿಂದ ಕೊನೆಗೆ ಹೊರಬರುವ ಮೇಸ್ತ್ರಿ ಬೆಂಕಿ ಹರಡದಂತೆ ಹಿಂದಿನ ಮುಂದಿನ ಎರಡೂ ಕಬ್ಬಿಣದ ಬಾಗಿಲು ಎಳೆಸಿ ಹೊರಗಿನಿಂದ ಅಗುಳಿ ಹಾಕಬೇಕು, ಇದು ಒಂದು. ಇನ್ನೊಂದು, ಎಲ್ಲರೂ ಕಣದಲ್ಲಿ ಸೇರಿ, ಆಯಾ ಗ್ಯಾಂಗಿನ ಹಿರಿಯರು ತಮ್ಮವರನ್ನು ಎಣಿಸಿ 'ನಮ್ಮವರು ಪೂರಾ' ಎಂದು ಕೂಗಿ ಹೇಳಬೇಕು. ಅಲ್ಲಿ ದಿನದ ಹಾಜರಿ ನಡೆಯುತ್ತಿದ್ದದ್ದೂ ಹಾಗೆಯೇ. ಮೊಯ್ದುವಿನವರು ಮೊಯ್ದುವಿಗೆ, ಹೆಂಗಸರು ದೇವೀರಮ್ಮನಿಗೆ, ಮಿಷನ್ ಮನೆಯವರು ಮೆಕ್ಯಾನಿಕ್ಕನಿಗೆ. ಅವರವರ ಜನ ಅವರವರಿಗೆ ಗೊತ್ತು. ನಾನು ಹಳೆಯ ಹಾಜರಿ ಪುಸ್ತಕ ನೋಡಿಕೊಂಡು ಒಂದು ಹೆಸರೂ ಬಿಡದೆ ಪಟ್ಟಿ ಮಾಡಿದೆ, ಕಾವಲುಗಾರನನ್ನೂ ಗುಡಿಸುವವಳನ್ನೂ ಸೇರಿಸಿದೆ.

ಇನ್ಸ್‌ಪೆಕ್ಟರು ಒಂದು ಬೆಳಿಗ್ಗೆ ಹನ್ನೊಂದಕ್ಕೆ ಬಂದರು. ಕೈಯಲ್ಲಿ ಗಡಿಯಾರ, ಮುಖದಲ್ಲಿ ಯಾವ ಭಾವವೂ ಇಲ್ಲ. ಪೊನ್ನಪ್ಪನವರು ಬೆಂಕಿ ಬಿತ್ತೆನ್ನುವಂತೆ ಗಂಟೆ ಬಾರಿಸಿದರು. ಜನ ಬಾಣದ ಗುರುತಿನ ದಾರಿಯಲ್ಲೇ ಓಡಿದರು. ನೋಡಿ ನನಗೆ ಕಣ್ಣು ತುಂಬಿ ಬಂತು. ಅಷ್ಟಕ್ಕೆ ಸುಮ್ಮನಿರಬೇಕಾಗಿತ್ತು. ಮೊಯ್ದು ಸರಿಯಾಗಿ ನೋಡಿದನೋ ಇಲ್ಲವೋ, ಗೋಣಿ ಅಟ್ಟಿಯ ಹಿಂದೆ ಯಾರಾದರೂ ಬೀಡಿ ಸೇದುತ್ತಾ ಕೂತಿದ್ದರೆ ಗತಿಯೇನು ಎಂದು ನಾನು ಹಿಂಬದಿಯಿಂದ ಒಳಕ್ಕೆ ನುಗ್ಗಿದೆ. ಯಾರೂ ಇರಲಿಲ್ಲ. ತಿರುಗುವಷ್ಟರಲ್ಲಿ ಬಾಗಿಲು ಧಡ್ ಎಂದಿತು, ಅಗುಳಿ ಬಿತ್ತು. ನಾನು ಒಳಹೊಕ್ಕ ಹಿಂಬದಿಯ ಬಾಗಿಲನ್ನೂ ಅವನ ಗ್ಯಾಂಗಿನವರು ಅಷ್ಟರಲ್ಲಿ ಹಾಕಿದ್ದರು. ಎಲ್ಲ ನಾನು ಬರೆದುಕೊಟ್ಟ ಹಾಗೆಯೇ ನಡೆದಿತ್ತು.

ಗೋಣಿಯ ಮೇಲೆ ಹತ್ತಿ ನಿಂತರೆ ಸರಳಿನ ಕಿಟಕಿಯಿಂದ ಕಣ ಕಾಣುತ್ತಿತ್ತು. ಮೊಯ್ದು ಎಣಿಸಿ "ನಮ್ಮವರು ಪೂರಾ" ಎಂದ. ದೇವೀರಮ್ಮ ಬೆರಳು ಮಡಚಿ ಮಡಚಿ ಎಣಿಸಿ ಪೂರಾ ಎಂದರು. ಮೆಕ್ಯಾನಿಕ್ಕೂ ಪೂರಾ. ಪೊನ್ನಪ್ಪನವರು ಸೆಲ್ಯೂಟ್ ಹೊಡೆಯುವುದೊಂದು ಬಾಕಿ, "ಎಲ್ಲರೂ ಹೊರಗಿದ್ದಾರೆ ಸಾರ್," ಎಂದರು. ಆಗ ನನಗೆ ಹೊಳೆಯಿತು. ದಿನಾ ಹಾಜರಿ ಬರೆಯುವವನು ನಾನು, ಹಾಜರಿ ಪುಸ್ತಕದಲ್ಲಿ ನನ್ನ ಹೆಸರೇ ಇಲ್ಲ. ಅದನ್ನು ನೋಡಿ ಮಾಡಿದ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು?

ಒಂದು ಸಲ ಕೂಗಿದ್ದರೆ ಸಾಕಾಗಿತ್ತು, ಕಿಟಕಿಗೂ ಕಣಕ್ಕೂ ಅಷ್ಟೇ ದೂರ. ಆದರೆ ಕೂಗಿದರೆ ಬೆಂಕಿಯೊಳಗೆ ಒಬ್ಬ ಉಳಿದ ಎಂದಾಗುತ್ತದೆ, ಪ್ಲಾನು ಫೇಲು, ನಾನು ಅರಕಲಗೂಡಿಗೆ. ಬಾಯಿ ಮುಚ್ಚಿಕೊಂಡು ನಿಂತೆ. ಹಾಗೆ ನಿಂತವನು ಇನ್ನೊಂದಕ್ಕೂ ಕಾಯುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಅಷ್ಟು ಜನರಲ್ಲಿ ಒಬ್ಬರಾದರೂ 'ರೈಟರು ಎಲ್ಲಿ' ಎಂದು ಕೇಳುತ್ತಾರೇನೋ ಎಂದು ಕಾಯುತ್ತಿದ್ದೆ. ಕೇಳಿದರೆ ಕೆಲಸ ಹೋಗುತ್ತಿತ್ತು, ಆದರೂ ಕೇಳಲಿ ಎಂದು ಆಸೆಯಿತ್ತು. ಯಾರೂ ಕೇಳಲಿಲ್ಲ. ಇನ್ಸ್‌ಪೆಕ್ಟರು ಮೊದಲ ಸಲ ನಕ್ಕು ಪೊನ್ನಪ್ಪನವರ ಕೈ ಕುಲುಕಿದರು. ಇಬ್ಬರೂ ಊಟಕ್ಕೆ ಬಂಗಲೆಯ ಕಡೆ ನಡೆದರು, ಜನ ಚದುರಿದರು. ನಾನು ಗೋಣಿಯ ಮೇಲೆ ಕೂತು ಸ್ವಲ್ಪ ಅತ್ತೆ. ಗೋಣಿ ಧೂಳು ಕಣ್ಣಿಗೆ ಬಿದ್ದಿತ್ತು ಎಂದು ಬೇರೆಯವರಿಗಾದರೆ ಹೇಳುತ್ತಿದ್ದೆ.

ಮಧ್ಯಾಹ್ನದ ಮೇಲೆ ಕೂರಲು ಗೋಣಿ ತೆಗೆದುಕೊಳ್ಳಲೆಂದು ದೇವೀರಮ್ಮ ಬಾಗಿಲು ತೆಗೆದರು. ನನ್ನನ್ನು ನೋಡಿ ಅಲ್ಲೇ ನಿಂತರು. "ಇಲ್ಲೇ ಇದ್ರಾ? ಸಾಹೇಬ್ರ ಜೊತೆ ಊಟಕ್ಕೋಗಿದ್ದೀರಿ ಅಂದ್ಕೊಂಡ್ವಲ್ಲ. ಒಂದು ಕೂಗು ಹಾಕ್ಬಾರ್ದಾಗಿತ್ತಾ?"

"ಕೂಗಿದ್ದರೆ ಫೇಲಾಗುತ್ತಿತ್ತು ದೇವೀರಮ್ಮ."

ಅವರು ತಮಗೆ ಬೇಕಾದ ಗೋಣಿ ಎಳೆದು ಹೆಗಲಿಗೆ ಹಾಕಿಕೊಂಡರು. ಆಮೇಲೆ, "ನಿಮ್ಮನ್ನ ಎಣಿಸೋರು ಯಾರು?" ಎಂದು ಕೇಳಿದರು.

"ಯಾರೂ ಇಲ್ಲ."

"ಹಂಗಾರೆ ನಮ್ದ್ರಲ್ಲಿ ಹಾಕ್ಕಳಿ."

"ಅದು ಹೆಂಗಸರ ಗ್ಯಾಂಗು."

"ಸುಟ್ಟೋದ್ ಮ್ಯಾಲೆ ಗಂಡ್ಸು ಹೆಂಗ್ಸು ಯಾರಿಗ್ ಗೊತ್ತಾಯ್ತದೆ? ಹೆಸ್ರೇನು ಹೇಳಿ."

ಆ ವರ್ಕ್ಸಿನಲ್ಲಿ ಅದುವರೆಗೆ ಯಾರೂ ನನ್ನ ಹೆಸರು ಕೇಳಿರಲಿಲ್ಲ. ನಂಜುಂಡಯ್ಯ ಎಂದೆ. ಅವರಿಗೆ ಓದು ಬರಹ ಬಾರದು, ಪಟ್ಟಿಯೆಲ್ಲ ಬಾಯಿಪಾಠ. ಎರಡು ಸಲ ಹೇಳಿಕೊಂಡು, ಉದ್ದವಾಯಿತೆಂದು 'ಅಯ್ಯ' ಬಿಟ್ಟುಬಿಟ್ಟರು.

ನನ್ನ ಕೆಲಸ ಖಾಯಂ ಆಯಿತು. ವಿಮಾ ಕಂಪನಿಯ ನಿಯಮದಂತೆ ಈ ಕವಾಯತು ಮೂರು ತಿಂಗಳಿಗೊಮ್ಮೆ ನಡೆಸಿದರೆ ಸಾಕು. ನಾನು ಪ್ರತಿ ಶನಿವಾರ ನಡೆಸತೊಡಗಿದೆ. ಮೊಯ್ದು ಮೇಸ್ತ್ರಿ ಗೊಣಗಿದ. ಪೊನ್ನಪ್ಪನವರು, "ಬೆಂಕಿಗೆ ಇಷ್ಟು ಹೆದರುವವರನ್ನು ನಾನು ಪಟ್ಟಾಳದಲ್ಲೂ ನೋಡಿಲ್ಲ ರೈಟರೇ," ಎಂದು ಮೇಲಿನವರಿಗೆ ನನ್ನ ನಿಷ್ಠೆಯ ಬಗ್ಗೆ ಬರೆದರು. ನಾನು ತಲೆ ತಗ್ಗಿಸಿ, ಕರ್ತವ್ಯ ಸಾರ್ ಎಂದೆ. ಶನಿವಾರ ಗಂಟೆ ಹೊಡೆದ ಕೂಡಲೇ ಓಡಿ ಹೋಗಿ ಹೆಂಗಸರ ಸಾಲಿನ ತುದಿಯಲ್ಲಿ ನಿಲ್ಲುತ್ತಿದ್ದೆ. ದೇವೀರಮ್ಮ ಬೆರಳು ಮಡಚುತ್ತಾ "ಕಾಳಮ್ಮ, ಪಾರ್ವತಿ, ಸಣ್ಣಕ್ಕ" ಎಂದು ಕೂಗಿ ಕೊನೆಗೆ "ನಂಜುಂಡ" ಎನ್ನುತ್ತಿದ್ದರು. ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ನಾನು 'ಬಂದೆ' ಎನ್ನುತ್ತಿದ್ದೆ. ಕೆಲವು ಶನಿವಾರ ಕೇಳಿಸದವನ ಹಾಗೆ ಸುಮ್ಮನೆ ನಿಂತು, ಅವರು ಎರಡನೆಯ ಸಲ ಕೂಗಿದ ಮೇಲೆ 'ಬಂದೆ' ಎಂದದ್ದೂ ಉಂಟು.