ಆವಿಗೆ ಅಪ್ಪಣೆ ಕೇಳಿದವರು

ನಮ್ಮ ಯಜಮಾನರಷ್ಟು ಪ್ರಾಮಾಣಿಕರು ಮೈಸೂರಿನಲ್ಲಿ ಇನ್ನೊಬ್ಬರಿದ್ದಿದ್ದರೆ ಈ ಊರಿನ ಒಂದು ಕೆಲಸವೂ ಮುಗಿಯುತ್ತಿರಲಿಲ್ಲ!

ಅಶೋಕಪುರಂನ ನಮ್ಮ ಹಿತ್ತಿಲಿಗೆ ಪಕ್ಕದ ಮನೆಯ ನುಗ್ಗೆಮರದ ಕೊಂಬೆ ಬಾಗಿತ್ತು. ಕಾಯಿ ನಮ್ಮ ಒಲೆಯ ಹೊಗೆ ಕುಡಿದೇ ಬೆಳೆಯುತ್ತಿತ್ತು. ಆದರೂ ಒಂದು ಕಾಯಿ ಕೀಳಬೇಕೆಂದರೆ ಇವರು ಅಂಗಿ ತೊಟ್ಟು, ಬೀದಿ ಸುತ್ತಿ, ಅವರ ಬಾಗಿಲು ತಟ್ಟಿ ಕೇಳಿ ಬರಬೇಕು. ಕಡೆಗೆ ಆ ಮನೆಯ ಅಜ್ಜಿಯೇ ಬೇಸತ್ತು ಹೇಳಿದರು: “ಮೇಷ್ಟ್ರೇ, ಕಿತ್ಕೊಂಡ್ಬುಡಿ. ನೀವು ಕೇಳಕ್ಕೆ ಬರೋವಷ್ಟೊತ್ಗೆ ಕಾಯಿ ಬಲ್ತೋಯ್ತದೆ.”

ಇಂಥವರಿಗೆ ಪುಸ್ತಕ ಅನುವಾದಿಸುವ ಆಸೆ ಹುಟ್ಟಿದರೆ ಏನಾಗಬೇಡ? ಇವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಪಾಠದ ಪುಸ್ತಕ ಇಂಗ್ಲಿಷಿನದು, ಲಂಡನ್ನಿನಲ್ಲಿ ಅಚ್ಚಾದದ್ದು. ನಮ್ಮ ಬೀದಿಯ ಮಕ್ಕಳು ವರ್ಷವರ್ಷವೂ ಅದರಲ್ಲೇ ನಪಾಸಾಗಿ ಶಾಲೆ ಬಿಡುತ್ತಿದ್ದರು. ಬುದ್ಧಿ ಇಲ್ಲದೆ ಅಲ್ಲ, ಭಾಷೆ ತಿಳಿಯದೆ. ಅದನ್ನು ಕನ್ನಡ ಮಾಡಿದರೆ ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆಂದು ಇವರು ಎರಡು ಬೇಸಿಗೆ ರಜೆ ಕೂತು ಪೂರ್ತಿ ಅನುವಾದ ಮಾಡಿದರು. ಮಾಡಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದರು! ಯಾಕಂತೀರಿ? ಪ್ರಕಾಶಕರ ಅಪ್ಪಣೆ ಬಂದಿಲ್ಲ.

ಲಂಡನ್ನಿಗೆ ಬರೆದರೆ ಮದರಾಸಿನ ಶಾಖೆಯನ್ನು ಕೇಳಿ ಎಂದರು. ಮದರಾಸಿನವರು ಲಂಡನ್ನನ್ನು ಕೇಳಿ ಎಂದರು. ಇವರು ಇಬ್ಬರಿಗೂ ಧನ್ಯವಾದ ಬರೆದರು! ದಿನವೂ ಗೇಟಿನಲ್ಲಿ ನಿಂತು ಟಪಾಲಿನವನನ್ನು “ಅಪ್ಪಣೆ ಬಂತೇನಪ್ಪಾ?” ಎಂದು ಕೇಳುವುದು, ಆತ ತಲೆ ಅಲ್ಲಾಡಿಸುವುದು. ಅಷ್ಟರಲ್ಲಿ ಪೇಟೆಯಲ್ಲಿ ಯಾವನೋ ಅದೇ ಪುಸ್ತಕವನ್ನು ತಪ್ಪುತಪ್ಪಾಗಿ ಕನ್ನಡ ಮಾಡಿ, ಯಾರನ್ನೂ ಕೇಳದೆ, ಗೈಡು ಎಂದು ಮಾರಿಬಿಟ್ಟ. ಅದನ್ನು ಓದಿದ ಮಕ್ಕಳೂ ನಪಾಸಾದರು. ನನಗೆ ಮೈಯೆಲ್ಲ ಉರಿದುಹೋಯಿತು.

“ಅಲ್ಲಾ ಕಣ್ರೀ, ನೀರು ಕುದ್ದು ಆವಿ ಆಗೋಕೆ ಲಂಡನ್ನೋರ ಅಪ್ಪಣೆ ಬೇಕಾ? ಆವಿ ಏನು ಅವರಪ್ಪನ ಮನೇದಾ?”

“ಆವಿ ಅಲ್ಲ ಕಣೇ, ಹೇಳಿರೋ ರೀತಿ ಅವರದು. ಚಿಕ್ಕೋನಿದ್ದಾಗ ಪಕ್ಕದ ಹುಡುಗನ ಪುಸ್ತಕ ಮುಟ್ಟಿದ್ದಕ್ಕೆ, ಕದ್ದೆ ಅಂತ ನಮ್ಮ ಮೇಷ್ಟ್ರು ನನ್ನ ಎಬ್ಬಿಸಿ ಹೊರಗೆ ನಿಲ್ಲಿಸಿದ್ರು. ನಮ್ಮ ಮಕ್ಕಳ ಕೈಲಿರೋ ಪುಸ್ತಕನ ಯಾರೂ ಕದ್ದಿದ್ದು ಅನ್ನಬಾರದು.”

ನನ್ನ ಸಿಟ್ಟು ಲಂಡನ್ನಿನ ಜೊತೆಗೆ ಆ ಹಳೆಯ ಮೇಷ್ಟರ ಮೇಲೂ ಹರಿಯಿತು.

ಮೂರನೆಯ ವರ್ಷ ಕಾಗದ ಬಂತು. ಪಾಠಕ್ಕೆ ಅಪ್ಪಣೆ ಉಂಟು, ಚಿತ್ರಗಳಿಗಿಲ್ಲ! ಚಿತ್ರಗಳ ಹಕ್ಕು ಕಲಾವಿದನದಂತೆ. ಆತ ಈಚೆಗೆ ತೀರಿಕೊಂಡನಂತೆ. ಅವನ ಹೆಂಡತಿಯನ್ನು ಕೇಳಿ ಎಂದು ವಿಳಾಸ ಕೊಟ್ಟಿದ್ದರು. ಇವರು ಅಂದೇ ಬರೆದು, ಸ್ಟಾಂಪು ಅಂಟಿಸಿ, ಟ್ರಂಕಿನಲ್ಲಿಟ್ಟರು.

“ಆಯಮ್ಮ ದುಃಖದಲ್ಲಿರ್ತಾರೆ. ವರ್ಷದ ತಿಥಿ ಕಳೀಲಿ.”

ಲಂಡನ್ನಿನವರಿಗೆ ವರ್ಷದ ತಿಥಿ! ಯಾರಿಗೆ ಹೇಳಿಕೊಳ್ಳಲಿ?

ಆ ವರ್ಷ ತುಂಬುವ ಮೊದಲೇ ಇವರೇ ಹೋಗಿಬಿಟ್ಟರು. ಈ ಸಲ ಯಾರನ್ನೂ ಕೇಳಲಿಲ್ಲ.

ತಿಂಗಳಾದ ಮೇಲೆ ಟ್ರಂಕು ತೆಗೆದೆ. ಆ ಕಾಗದದ ಕೆಳಗೆ ಇನ್ನೊಂದು ಲಕೋಟೆ, ನನ್ನ ಹೆಸರಿಗೆ.

“ಮಾನ್ಯರೇ, ಆವಿ ತಣ್ಣಗಾಗಿ ನೀರಾಗುವುದಕ್ಕೆ ನನಗೆ ಕನ್ನಡದ ಮಾತು ಸಿಗದಿದ್ದಾಗ, ತಾವು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ತೋರಿಸಿ ‘ಹನಿಗಟ್ಟುವುದು’ ಎಂದಿರಿ. ಅದು ತಮ್ಮ ಮಾತು. ಪುಸ್ತಕದಲ್ಲಿ ಬಳಸಲು ಅಪ್ಪಣೆ ಕೋರುತ್ತೇನೆ.”

ಜೊತೆಗೆ, ಉತ್ತರಕ್ಕೆಂದು ತಮ್ಮದೇ ವಿಳಾಸ ಬರೆದ ಕಾರ್ಡು. ಒಂದೇ ಮನೆ, ಒಂದೇ ಒಲೆ. ಕೊಡಲು ನಾಚಿಕೆಯಾಗಿ ಇಟ್ಟುಕೊಂಡಿದ್ದರೋ ಏನೋ.

ಇವರ ಶಾಲೆಯ ಮೇಷ್ಟರೊಬ್ಬರು ಹಿಂದಿನ ವಾರ ಬಂದು, ಅನುವಾದ ನೋಡಬಹುದೇ ಎಂದು ಕೇಳಿದ್ದರು. ಆ ತಿಂಗಳಲ್ಲಿ ನಾನು ಹೊಟ್ಟೆ ತುಂಬ ಉಂಡದ್ದು ಆ ದಿನ ಮಾತ್ರ. ಗಂಡ ಮಾಡಿಟ್ಟ ಕೆಲಸ ಬೇಕೆಂದು ಯಾರಾದರೂ ಕೇಳಿದರೆ ಹೆಂಡತಿಯ ದುಃಖ ಹೆಚ್ಚುವುದಿಲ್ಲ. ಇಷ್ಟೆಲ್ಲ ಓದಿದ ಇವರಿಗೆ ಅದೊಂದು ತಿಳಿದಿರಲಿಲ್ಲ.

ಲಂಡನ್ನಿನ ಆ ಹೆಂಗಸಿಗೆ ಬರೆದ ಕಾಗದವನ್ನು ಅಂದೇ ಟಪಾಲು ಡಬ್ಬಿಗೆ ಹಾಕಿದೆ. ಕಾರ್ಡಿನಲ್ಲಿ ‘ಅಪ್ಪಣೆ ಇದೆ’ ಎಂದು ಬರೆದು ಅದನ್ನೂ ಹಾಕಿದೆ.

ಎರಡು ದಿನ ಬಿಟ್ಟು ಟಪಾಲಿನವನು ಗೇಟಿನ ಹತ್ತಿರ ಕಾರ್ಡು ಹಿಡಿದು ನಿಂತಿದ್ದ. ಓದಿಕೊಂಡಿದ್ದಾನೆಂದು ಅವನ ಮುಖವೇ ಹೇಳುತ್ತಿತ್ತು.

“ಮೇಷ್ಟ್ರಿಗೆ ಅಪ್ಪಣೆ ಬಂದದೆ ಕಣಮ್ಮ,” ಎಂದ.